ಏದುಸಿರು ಬಂದರೆ ‘ಪಿತ್ತ’ ಅಂತ ಸುಮ್ಮನಿರಬೇಡಿ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಮ್ಮ ಕೆಲಸ ವರ್ಷವೆಲ್ಲಾ ಒಂದೇ ಸಮನಾಗಿ ಇರುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಇಳಿಸಿ ಕೊಬ್ಬರಿ ಮಾಡುವ ದಿನ ಬಂತೆಂದರೆ ಬೆಳಗಿಂದ ಸಂಜೆವರೆಗೂ ಬಗ್ಗುವುದು, ಹೊರುವುದು. ಬಾಣಂತನ, ಜ್ವರ, ಆಪರೇಷನ್ ಅಂತ ತಿಂಗಳುಗಟ್ಟಲೆ ಮನೆಯಲ್ಲಿದ್ದವರು ಅವತ್ತು ನಾಲ್ಕು ಮಂಕರಿ ಹೊತ್ತರೆ ಸಾಕು, ಏದುಸಿರು, ಎದೆ ಡವಡವ, ಹೊಟ್ಟೆ ತೊಳಸಿ ವಾಂತಿ ಬಂದ ಹಾಗೆ ಆಗುತ್ತೆ. ‘ಪಿತ್ತ ಕಣೇ’ ಅಂತ ಟೀ ಕುಡಿದು ಮತ್ತೆ ಹೊರುತ್ತೇವೆ.

ಇದು ಯಾಕಾಗುತ್ತೆ? ರೂಢಿ ತಪ್ಪಿದ ಮೈಗೆ ಒಮ್ಮೆಲೇ ಭಾರದ ಕೆಲಸ ಬಿದ್ದಾಗ, ಕೈಕಾಲಿಗೆ ಬೇಕಾದಷ್ಟು ಆಮ್ಲಜನಕ ಕಳಿಸಲು ಹೃದಯ, ಶ್ವಾಸಕೋಶಗಳು ಹೆಣಗುತ್ತವೆ. ರಕ್ತವೆಲ್ಲಾ ಅತ್ತ ಹರಿದು ಹೊಟ್ಟೆಗೆ ಕಡಿಮೆಯಾಗುತ್ತೆ, ಅದಕ್ಕೇ ಹೊಟ್ಟೆ ತೊಳಸುವುದು. ಬಿಸಿಲೂ ಸೇರಿ, ನೀರೂ ಕುಡಿಯದಿದ್ದರೆ ಇನ್ನೂ ಹೆಚ್ಚು.

ಕಳೆದುಹೋದ ಕಸುವು ನಿಧಾನವಾಗಿ ವಾಪಸ್ ಬರುತ್ತೆ. ಕೆಲಸಕ್ಕೆ ಮೂರು ನಾಲ್ಕು ವಾರ ಮೊದಲೇ ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯೋಣ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಮೊದಲ ದಿನ ಅರ್ಧ ಮಂಕರಿ ಹೊರೋಣ. ಉಸಿರು ಕಟ್ಟಿದರೆ ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ಗುಟುಕು ಗುಟುಕಾಗಿ ನೀರು ಕುಡಿಯೋಣ. ತಲೆ ಸುತ್ತಿದರೆ ಕೂಡಲೇ ಮಲಗಬೇಕು.

ಇಷ್ಟಾದರೂ ಸುಸ್ತು ಹೋಗದಿದ್ದರೆ ರಕ್ತ ಕಡಿಮೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ (ಗರ್ಭಿಣಿಯರಿಗೆ 11) ಡಾಕ್ಟರಿಗೆ ತೋರಿಸಬೇಕು. ನುಗ್ಗೆಸೊಪ್ಪು, ಹುರುಳಿಕಾಳು ತಿನ್ನೋಣ, ಮೇಲೆ ನಿಂಬೆರಸ ಹಿಂಡಿಕೊಳ್ಳೋಣ. ಊಟದ ಜೊತೆ, ಕಬ್ಬಿಣದ ಮಾತ್ರೆಯ ಜೊತೆ ಟೀ ಬೇಡ.

ಇನ್ನೊಂದು ಮಾತು. ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ, ಸುಮ್ಮನೆ ಕೂತರೂ ಉಸಿರಾಡಲು ಕಷ್ಟವಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಹೃದಯಾಘಾತ ಎದೆನೋವೇ ಇಲ್ಲದೆ, ಬರೀ ಏದುಸಿರು, ವಾಕರಿಕೆಯಾಗಿಯೂ ಬರಬಹುದು. ಕೂಲಿ ಹೋಗುತ್ತೆ, ಸಂಘದ ಕಂತು ನಿಲ್ಲುತ್ತೆ ಅಂತ ಅದನ್ನು ನುಂಗಿಕೊಳ್ಳುವುದು ಬೇಡ. ಕಂತು ಒಂದು ವಾರ ತಡವಾದರೆ ಸಂಘ ಮುಳುಗುವುದಿಲ್ಲ. ಸುಧಾರಿಸಿಕೊಳ್ಳುವವಳನ್ನು ‘ಸೋಮಾರಿ’ ಅನ್ನದೆ, ಅವಳಿಗೆ ಹಗುರ ಕೆಲಸ ಬಿಟ್ಟುಕೊಡುವುದು ನಮ್ಮೆಲ್ಲರ ಕೈಯಲ್ಲಿದೆ.

ಪಾಸ್‌ಬುಕ್ಕಿನಲ್ಲಿ ಎಷ್ಟಿದೆ ಅಂತ ನಮಗೆಲ್ಲಾ ಬಾಯಿಪಾಠ. ಮೈಯಲ್ಲಿ ರಕ್ತ ಎಷ್ಟಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಮುಂದಿನ ಸಭೆಯೊಳಗೆ ಎಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರೋಣ.