ಹಾಲುಗೂಸಿನ ಆಹಾರ: ಒಳಿತು ಕೆಡಕುಗಳ ಪರೀಕ್ಷೆ

ಮಕ್ಕಳ ವಯಸ್ಸನ್ನು ನಾವು ತಿಂಗಳುಗಳಿಂದ, ವರ್ಷಗಳಿಂದ ಎಣಿಸುತ್ತೇವೆ. ಸುಶ್ರುತ ಸಂಹಿತೆಯು ಅದನ್ನು ಆಹಾರದಿಂದಲೂ ಎಣಿಸಿದೆ. ಹಾಲನ್ನೇ ಕುಡಿದು ಬೆಳೆಯುವ ಕೂಸು ಕ್ಷೀರಪ. ಹಾಲು ಅನ್ನಗಳೆರಡನ್ನೂ ಉಣ್ಣುವುದು ಕ್ಷೀರಾನ್ನಾದ. ಅನ್ನದಿಂದಲೇ ಬೆಳೆಯುವುದು ಅನ್ನಾದ. ಹೆಸರು ಬೇರೆಯಾದಂತೆ ಮೈಯ ಶಕ್ತಿಯೂ ಬೇರೆ. ದೊಡ್ಡವರ ಊಟವನ್ನು ಕಡಮೆ ಅಳತೆಯಲ್ಲಿ ಕೊಟ್ಟ ಮಾತ್ರಕ್ಕೆ ಅದು ಕೂಸಿನ ಊಟವಾಗುವುದಿಲ್ಲ. ಇಂದಿನ ವಿಜ್ಞಾನವು ತನ್ನದೇ ದಾರಿಯಲ್ಲಿ ನಡೆದು ಇದೇ ಮಾತಿಗೆ ಬಂದು ನಿಂತಿದೆ.

ಆಹಾರ ಕೆಡದಿರಲೆಂದು, ಮಂದವಾಗಲೆಂದು, ಬಣ್ಣ ಬರಲೆಂದು ಅನೇಕ ಪದಾರ್ಥಗಳನ್ನು ಅದಕ್ಕೆ ಸೇರಿಸುವುದುಂಟು. ಅವುಗಳಿಂದ ಅಪಾಯವಿದೆಯೇ ಎಂದು ಪರಿಶೀಲಿಸುವ ತಜ್ಞರ ಸಮಿತಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳು 1956ರಿಂದ ನಡೆಸಿಕೊಂಡು ಬಂದಿವೆ. ಅವರ ಲೆಕ್ಕ ಸರಳವಾದುದು. ಪ್ರಾಣಿಗಳಿಗೆ ತಿನ್ನಿಸಿ, ಎಷ್ಟು ಪ್ರಮಾಣದವರೆಗೆ ಕೇಡು ಕಾಣುವುದಿಲ್ಲವೆಂಬುದನ್ನು ಮೊದಲು ನಿಶ್ಚಯಿಸುತ್ತಾರೆ. ಸಾಮಾನ್ಯವಾಗಿ ಅದನ್ನು ನೂರರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಹತ್ತು, ಮನುಷ್ಯ ಮನುಷ್ಯರೊಳಗಿನ ಅಂತರಕ್ಕೆ ಇನ್ನೊಂದು ಹತ್ತು. ಹೀಗೆ ಉಳಿದುದು, ಜೀವಮಾನವೆಲ್ಲ ದಿನಂಪ್ರತಿ ಸೇವಿಸಬಹುದಾದ ಮಿತಿ.

ಆದರೆ ಹನ್ನೆರಡು ವಾರ ತುಂಬದ ಕೂಸಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಆ ಸಮಿತಿಯೇ ಹೇಳಿದೆ. ಏಕೆ? ಆ ವಯಸ್ಸಿನಲ್ಲಿ ಕರುಳಿನ ಗೋಡೆ ಇನ್ನೂ ಬಲಿತಿರುವುದಿಲ್ಲ. ಬೇಡವಾದುದನ್ನು ಮುರಿದುಹಾಕುವ ಯಕೃತ್ತೂ, ಹೊರಹಾಕುವ ಮೂತ್ರಪಿಂಡವೂ ಪೂರ್ಣ ಶಕ್ತಿಗೆ ಬಂದಿರುವುದಿಲ್ಲ. ಇನ್ನು ಕುಡಿಯುವ ಪ್ರಮಾಣವನ್ನು ನೋಡಿ. ನಾಲ್ಕು ಕಿಲೋಗ್ರಾಂ ತೂಗುವ ಕೂಸು ದಿನಕ್ಕೆ ಸುಮಾರು 600 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅದೇ ದಾಮಾಶಯದಲ್ಲಿ ಅರವತ್ತು ಕಿಲೋಗ್ರಾಂ ತೂಗುವವರು ಒಂಬತ್ತು ಲೀಟರ್ ಕುಡಿಯಬೇಕಾಗುತ್ತದೆ! ನಮ್ಮ ಊಟದಲ್ಲಿ ಹತ್ತು ಬಗೆಗಳಿವೆ. ಕೂಸಿಗೆ ಇರುವುದು ಒಂದೇ. ಆ ಒಂದರಲ್ಲಿ ದೋಷವಿದ್ದರೆ ಹೊತ್ತುಹೊತ್ತಿಗೂ ಅದೇ ದೋಷ ಒಳಸೇರುತ್ತದೆ.

ಆದುದರಿಂದ ಹಸುಗೂಸಿಗಾಗಿ ಬೇರೆಯ ಪರೀಕ್ಷೆ ಬೇಕಾಯಿತು. ಆಗತಾನೆ ಹುಟ್ಟಿದ ಹಂದಿಮರಿಯ ಕರುಳು ಕೂಸಿನ ಕರುಳನ್ನು ಬಹುಮಟ್ಟಿಗೆ ಹೋಲುವುದರಿಂದ, ಅದಕ್ಕೆ ಆ ಆಹಾರವನ್ನು ಕುಡಿಸಿ ನೋಡುತ್ತಾರೆ. ಪೆಕ್ಟಿನ್ ಎಂಬ ವಸ್ತುವಿನ ಕಥೆ ಇಲ್ಲಿ ಕೇಳತಕ್ಕದ್ದು. ಸೇಬು, ಕಿತ್ತಳೆ ಮೊದಲಾದ ಹಣ್ಣುಗಳಲ್ಲಿರುವ ಈ ವಸ್ತು ಹಣ್ಣಿನ ಜಾಮನ್ನು ಗಟ್ಟಿಯಾಗಿಸುತ್ತದೆ. ದೊಡ್ಡವರಿಗೆ ಇದರ ಬಗ್ಗೆ ಅಂಕೆಯ ಮಿತಿಯೇ ಬೇಕಿಲ್ಲವೆಂದು ತಜ್ಞರು ಹೇಳಿದ್ದರು. ಆದರೆ ವಿಶೇಷ ಶಿಶು ಆಹಾರಗಳಲ್ಲಿ ಲೀಟರಿಗೆ 5 ಗ್ರಾಂನಂತೆ ಸೇರಿಸುವ ಮಾತು 2014ರಲ್ಲಿ ಪರಿಶೀಲನೆಗೆ ಬಂದಾಗ ಸಮಿತಿ ಕಳವಳ ಸೂಚಿಸಿತು. ಪರೀಕ್ಷೆಯಲ್ಲಿ ಹಂದಿಮರಿಗಳು ಕಡಮೆ ಕುಡಿದು, ಮೈತೂಕದಲ್ಲಿ ಹಿಂದೆ ಬಿದ್ದಿದ್ದವು. 2016ರಲ್ಲಿ ಪ್ರಮಾಣವನ್ನು 2 ಗ್ರಾಂಗೆ ಇಳಿಸಿದ ಮೇಲೆ ಕಳವಳಕ್ಕೆ ಕಾರಣವಿಲ್ಲವೆಂದರು. ಹಣ್ಣಿನಿಂದ ಬಂದುದು, ಎಲ್ಲರೂ ತಿನ್ನುವುದು ಎಂಬಷ್ಟರಿಂದಲೇ ಕೂಸಿಗೆ ಒಪ್ಪುವುದೆಂದು ಹೇಳಲಾಗದು.

ಕಾರ್ಖಾನೆಯ ಪದಾರ್ಥಕ್ಕೆ ಪರೀಕ್ಷಕರಿದ್ದಾರೆ. ನಮ್ಮ ಮನೆಯ ಬಟ್ಟಲಿನಲ್ಲಿರುವುದಕ್ಕೆ ಯಾರು? ಬಾವಿಯ ನೀರನ್ನೇ ತೆಗೆದುಕೊಳ್ಳಿ. ಗೊಬ್ಬರದ ಗುಂಡಿ, ಕೊಟ್ಟಿಗೆ, ಹೊಲಗಳಿಂದ ನೈಟ್ರೇಟ್ ಎಂಬ ಲವಣ ಅದಕ್ಕೆ ಇಳಿಯಬಹುದು. ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಕೂಸುಗಳ ಮೈ ನೀಲಿಗಟ್ಟಿದುದನ್ನು ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ವರದಿ ಮಾಡಿದರು. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿ ಕುಂದುವುದೇ ಇದಕ್ಕೆ ಕಾರಣ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದು ಸಾಂದ್ರವಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನೀರನ್ನು ಪರೀಕ್ಷೆಗೆ ಕಳುಹಿಸದೆ ಇದು ತಿಳಿಯುವಂತಿಲ್ಲ.

ಜೇನಿನ ಮಾತು ಇನ್ನೂ ಸೂಕ್ಷ್ಮವಾದುದು. ಜಾತಕರ್ಮದಲ್ಲಿ ಜೇನನ್ನೂ ತುಪ್ಪವನ್ನೂ ಕೂಸಿನ ನಾಲಗೆಗೆ ಮುಟ್ಟಿಸುವುದು ಹಿಂದಿನಿಂದ ಬಂದ ಆಚಾರ. ಆದರೆ ಜೇನಿನಲ್ಲಿ ಬೊಟುಲಿನಂ ಎಂಬ ರೋಗಾಣುವಿನ ಬೀಜಕಣಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲು ಎಡೆ ಸಿಗದು. ಕೂಸಿನ ಕರುಳಿನಲ್ಲಿ ಮೊಳೆತು ವಿಷ ಕಾರಬಲ್ಲವು. ಮಲಬದ್ಧತೆ, ಕ್ಷೀಣವಾದ ಅಳು, ಮೊಲೆ ಚೀಪಲಾರದ ನಿತ್ರಾಣ ಇವು ಲಕ್ಷಣಗಳು. ಶಿಶುಗಳ ಈ ವ್ಯಾಧಿಯನ್ನು ಕ್ಯಾಲಿಫೋರ್ನಿಯದಲ್ಲಿ ಗುರುತಿಸಿದ್ದು 1976ರಲ್ಲಿ. ರೋಗ ವಿರಳ, ನಿಜ. ಆದರೆ ವರ್ಷ ತುಂಬುವವರೆಗೆ ಜೇನು ನೆಕ್ಕಿಸದಿದ್ದರೆ ಕೂಸಿಗೆ ನಷ್ಟವೇನೂ ಇಲ್ಲ. ಹಾಗೆಯೇ ಮಾತು ಬೇಗ ಬರಲೆಂದು ತೇದು ಕೊಡುವ ಬಜೆ. ಅದರ ಬೇರಿನ ಎಣ್ಣೆ ಇಲಿಗಳಲ್ಲಿ ಅರ್ಬುದ ತಂದುದು ಕಂಡು, 1968ರಲ್ಲಿ ಅಮೆರಿಕ ಸರ್ಕಾರ ಅದನ್ನು ಆಹಾರದಲ್ಲಿ ನಿಷೇಧಿಸಿತು.

ಹಿರಿಯರ ಆಚಾರವನ್ನು ಹಳಿಯಲು ನಾನು ಇದನ್ನು ಹೇಳುತ್ತಿಲ್ಲ. ಅವರು ತಮಗೆ ತಿಳಿದ ಒಳಿತನ್ನು ಮಾಡಿದರು. ನಮಗೆ ಹೆಚ್ಚು ತಿಳಿದಿರುವಾಗ ನಮ್ಮ ಹೊಣೆಯೂ ಹೆಚ್ಚು. ಮಂತ್ರವಿರಲಿ, ಹರಕೆಯಿರಲಿ, ಜೇನು ದೇವರ ಮುಂದೆಯೇ ಇರಲಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆ ಹಾಲು ದೊರೆಯದಿದ್ದರೆ ವೈದ್ಯರನ್ನು ಕೇಳಿ ಶಿಶು ಆಹಾರ ಕೊಡಬೇಕು. ಡಬ್ಬದ ಮೇಲೆ ಬರೆದ ಅಳತೆಯನ್ನು ಮೀರಬಾರದು, ಮಿಗಿಸಲೆಂದು ತೆಳುವಾಗಿಯೂ ಕಲಸಬಾರದು. ತಾಯಿಯ ಹಾಲೇ ಶ್ರೇಷ್ಠವೆಂದು ಆ ಡಬ್ಬದ ಮೇಲೆಯೇ ಅಚ್ಚಿಸಬೇಕೆಂದು 1992ರ ಕಾಯಿದೆ ವಿಧಿಸಿದೆ. ಅದರ ಜಾಹೀರಾತನ್ನೂ ನಿಷೇಧಿಸಿದೆ.

ಕೂಸು ತನಗೆ ಒಗ್ಗದುದನ್ನು ಬಾಯಿಬಿಟ್ಟು ಹೇಳಲಾರದು. ಕೊಟ್ಟುದನ್ನು ನುಂಗುತ್ತದೆ, ನಂಬಿ ನುಂಗುತ್ತದೆ. ಆದುದರಿಂದ ಕೊಡುವ ಕೈ ಒಂದು ಗಳಿಗೆ ತಡೆದು, ‘ಇದು ಈ ವಯಸ್ಸಿಗೆ ಸಲ್ಲುವುದೇ?’ ಎಂದು ಕೇಳಿಕೊಳ್ಳಬೇಕು. ಅನ್ನಪ್ರಾಶನವನ್ನು ಆರನೆಯ ತಿಂಗಳಿಗೆ ಇಟ್ಟವರ ವಿವೇಕವೂ ಅದೇ ಅಲ್ಲವೇ?