ಬರಲಿರುವ ಅರಸನಿಗಾಗಿ ಕಾದ ಜನ



ಬರ್ಮಾದ ಪೂರ್ವ ಗಡಿಯ ಬೆಟ್ಟಗಳಲ್ಲಿ, ಥಾಯ್ಲೆಂಡಿನ ಮಗ್ಗುಲಲ್ಲಿ, ಕರೆನ್ ಎಂಬ ಜನರಿದ್ದಾರೆ. ತಮ್ಮನ್ನು ಅವರು ಅನಾಥರೆಂದು ಕರೆದುಕೊಂಡವರು. ಸೃಷ್ಟಿಕರ್ತ ಯ್ವಾ ಕೊಟ್ಟ ಗ್ರಂಥವನ್ನು ತಮ್ಮ ಮೂಲಪುರುಷ ಕಳೆದುಕೊಂಡನಂತೆ. ಬಿಳಿಯ ತಮ್ಮ ಅದನ್ನು ಮರಳಿ ತರುವನಂತೆ. ಗ್ರಂಥವೂ ಇಲ್ಲ, ಅರಸನೂ ಇಲ್ಲ ಎಂಬ ಕೊರಗು ಅವರ ಹಾಡುಕಥೆಗಳಲ್ಲೆಲ್ಲ ಇದೆ. ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿಗಳಿಗೆ ಬಾಗಿಲು ತೆರೆದದ್ದು ಇದೇ ಕಥೆ. 1828ರಲ್ಲಿ ಕೋ ಥಾ ಬ್ಯೂ ಕ್ರೈಸ್ತನಾದ. ಹಾಗೆಂದು ಕರೆನ್ನರೆಲ್ಲ ಕ್ರೈಸ್ತರೆಂದು ತಿಳಿಯಬಾರದು. ಹೆಚ್ಚಿನವರು ಬೌದ್ಧರು.

ಬೌದ್ಧರ ನಿರೀಕ್ಷೆಯ ಹೆಸರು ಮಿನ್ ಲೌಂಗ್, ಅಂದರೆ ಅರಸನಾಗಲಿರುವವನು. ಧರ್ಮ ಕ್ಷೀಣಿಸಿದ ಕಾಲದಲ್ಲಿ ಅವನು ಬಂದು, ಮುಂದಿನ ಬುದ್ಧನಾದ ಮೈತ್ರೇಯನಿಗೆ ನೆಲ ಹದಮಾಡುತ್ತಾನೆ. ನಮ್ಮ ಕಾಲಜ್ಞಾನ ವಚನಗಳನ್ನು ಬಲ್ಲವರಿಗೆ ಇಂಥ ಮಾತು ಹೊಸದಲ್ಲ. ಬ್ರಿಟಿಷರು ಕೆಳ ಬರ್ಮಾವನ್ನು ನುಂಗಿದ್ದು 1852ರಲ್ಲಿ. ನಾಲ್ಕೇ ವರ್ಷಕ್ಕೆ ಸಾಲ್ವೀನ್ ಸೀಮೆಯ ಕರೆನ್ನನೊಬ್ಬ ತಾನೇ ಆ ಅರಸನೆಂದು ಸಾರಿ ದಂಗೆಯೆದ್ದ. ದಂಗೆ ಅಡಗಿತು, ನಿರೀಕ್ಷೆ ಅಡಗಲಿಲ್ಲ. ಅದೇ ಕಾಲದ ಸುಮಾರಿಗೆ ಹುಟ್ಟಿದ ಲೆಕೆ ಪಂಥ ತನ್ನದೇ ಲಿಪಿ ಮಾಡಿಕೊಂಡು, ನಡತೆ ಶುದ್ಧವಾದರೆ ಮೈತ್ರೇಯ ಬರುತ್ತಾನೆಂದು ಕಾಯುತ್ತಾ ಬಂದಿದೆ.

ನಮ್ಮ ಕಾಲದ ಇಬ್ಬರು ಭಿಕ್ಷುಗಳ ಮಾತು ಹೇಳಲೇಬೇಕು. ಹ್ಪಾ-ಆನ್ ಬಳಿಯ ಥಾಮನ್ಯ ಗುಡ್ಡದಲ್ಲಿ ಉ ವಿನಯರೆಂಬ ಹಿರಿಯರಿದ್ದರು. ಹುಟ್ಟಿನಿಂದ ಪಾ-ಓ ಜನಾಂಗದವರು. ಗುಡ್ಡದ ಸುತ್ತ ಮಾಂಸವಿಲ್ಲ, ಆಯುಧವಿಲ್ಲ, ಬಂದವರಿಗೆಲ್ಲ ಊಟ. ನಾವು ದಾಸೋಹ ಎನ್ನುವುದು ಇದನ್ನೇ. ಯುದ್ಧಕ್ಕೆ ಬೆದರಿದ ಸಾವಿರಾರು ಜನ ಅಲ್ಲಿ ಬಂದು ನೆಲೆಸಿದರು. 1995ರಲ್ಲಿ ಗೃಹಬಂಧನದಿಂದ ಬಿಡುಗಡೆಯಾದ ಆಂಗ್ ಸಾನ್ ಸೂಕಿ ಅವರ ದರ್ಶನಕ್ಕೆ ಹೋದರು. ಅವರು 2003ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಉ ಥುಜನ. ಪಗೋಡ ಕಟ್ಟಿದರೆ ಶಾಂತಿ ಬರುತ್ತದೆ ಎಂದವರು. ಅವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಕರೆನ್ ಸೇನೆಯ ನಾಯಕರಲ್ಲಿ ಕ್ರೈಸ್ತರೇ ಹೆಚ್ಚು, ಸಾಮಾನ್ಯ ಸೈನಿಕರಲ್ಲಿ ಬೌದ್ಧರೇ ಹೆಚ್ಚು. ಆ ಹಳೆಯ ಅಸಮಾಧಾನಕ್ಕೆ ಪಗೋಡದ ತಕರಾರೂ ಸೇರಿತು. 1994ರ ಡಿಸೆಂಬರಿನಲ್ಲಿ ಅವರ ಅನುಯಾಯಿಗಳು ಬೇರೆಯಾಗಿ ಬಂದೂಕು ಹಿಡಿದು, ಅದೇ ಬರ್ಮಾ ಸೇನೆಯ ಕಡೆ ಸೇರಿದರು. ಮುಂದಿನ ತಿಂಗಳೇ ಕರೆನ್ನರ ಪ್ರಧಾನ ನೆಲೆ ಮಾನರ್‌ಪ್ಲಾ ಬಿತ್ತು. ಒಂದೇ ಭಾಷೆಯಾಡುವ ಬೌದ್ಧರೂ ಕ್ರೈಸ್ತರೂ ಎದುರುಬದುರು ನಿಂತರು. ಸಾವಿರಾರು ಮಂದಿ ನದಿ ದಾಟಿ ಥಾಯ್ಲೆಂಡಿನ ಶಿಬಿರಗಳಿಗೆ ಓಡಿದರು.