ಒಂದು ಚುಕ್ಕೆಯ ಎಚ್ಚರ



ನಾನು ಶಾಲೆಯಲ್ಲಿ ಉರ್ದು, ಕನ್ನಡ ಕಲಿಸುವವನು, ಕಂಪ್ಯೂಟರ್ ತಜ್ಞನಲ್ಲ. ಆದರೂ ಪತ್ರಕರ್ತರು, ಹೋರಾಟಗಾರರು, ರಾಜಕಾರಣಿಗಳ ಫೋನಿಗೆ ಕನ್ನ ಹಾಕುವವರ ಬಗ್ಗೆ ಮಾತನಾಡಲು ಒಪ್ಪಿಕೊಂಡೆ. ಏಕೆಂದರೆ ಬಹಳ ಸಲ ಕನ್ನ ಬೀಳುವುದು ಯಂತ್ರಕ್ಕಲ್ಲ, ನಮ್ಮ ಓದಿಗೆ. ಉರ್ದುವಿನಲ್ಲಿ 'ದುಆ' ಎಂದು ಬರೆದು ಮೇಲೊಂದು ಚುಕ್ಕೆ ಇಟ್ಟರೆ 'ದಗಾ' ಆಗುತ್ತದೆ. ಪ್ರಾರ್ಥನೆ ಹೋಗಿ ಮೋಸ!

2016ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಆದದ್ದೂ ಇಂಥದೇ. ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರದ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರಿಗೆ ಗೂಗಲ್‌ನದೆಂಬಂತೆ ಒಂದು ಇ-ಮೇಲ್ ಬಂತು: ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಸೇರಿದೆ, ಕೂಡಲೇ ಬದಲಿಸಿ. ಸಿಬ್ಬಂದಿ ತಮ್ಮ ಕಂಪ್ಯೂಟರ್ ವಿಭಾಗವನ್ನು ವಿಚಾರಿಸಿದರು. 'ಇದು ಅಸಲಿ' ಎಂಬ ಉತ್ತರ ಬಂತು. 'ಅಸಲಿಯಲ್ಲ' ಎಂದು ಬರೆಯಬೇಕಿತ್ತು, ಟೈಪ್ ಮಾಡುವಾಗ ತಪ್ಪಾಯಿತು ಎಂದು ಉತ್ತರಿಸಿದವರು ಆಮೇಲೆ ಹೇಳಿದರು. ಅದೇ ಉತ್ತರದಲ್ಲಿ ಗೂಗಲ್‌ನ ನಿಜವಾದ ವಿಳಾಸವೂ ಇತ್ತು! ಆದರೆ ಒತ್ತಿದ್ದು ಕಳ್ಳರ ಲಿಂಕನ್ನೇ. 50 ಸಾವಿರಕ್ಕೂ ಹೆಚ್ಚು ಇ-ಮೇಲ್‌ಗಳು ಕಳುವಾದವು. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ನನ್ನ ವಿದ್ಯಾರ್ಥಿಗಳು ನೆನಪಾಗುತ್ತಾರೆ.

ಅದೇ ವರ್ಷ ಆಗಸ್ಟ್ 10ರಂದು ಯುಎಇಯ ಮಾನವ ಹಕ್ಕುಗಳ ಹೋರಾಟಗಾರ ಅಹ್ಮದ್ ಮನ್ಸೂರ್ ಅವರ ಐಫೋನಿಗೆ ಒಂದು ಎಸ್‌ಎಂಎಸ್ ಬಂತು. ಸೆರೆಮನೆಗಳಲ್ಲಿ ನಡೆಯುವ ಚಿತ್ರಹಿಂಸೆಯ ಹೊಸ ರಹಸ್ಯಗಳು ಇಲ್ಲಿವೆ ಎಂದು ಒಂದು ಲಿಂಕ್. ಗಮನಿಸಿ, ಲಾಟರಿಯ ಆಸೆ ತೋರಿಸಲಿಲ್ಲ. ಆ ಮನುಷ್ಯ ಯಾವುದಕ್ಕಾಗಿ ಬದುಕನ್ನೇ ಪಣವಿಟ್ಟಿದ್ದರೋ ಅದನ್ನೇ ಗಾಳಕ್ಕೆ ಸಿಕ್ಕಿಸಿದ್ದರು. 2012ರಲ್ಲಿ ಒಮ್ಮೆ ಇಂಥ ಗಾಳಕ್ಕೆ ಸಿಕ್ಕಿದ್ದ ಮನ್ಸೂರ್ ಈ ಸಲ ಲಿಂಕ್ ಒತ್ತಲಿಲ್ಲ; ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ಗೆ ಕಳುಹಿಸಿದರು. ಒಳಗಿದ್ದದ್ದು ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್. ಆಪಲ್ ಕಂಪನಿ ಆಗಸ್ಟ್ 25ಕ್ಕೆ ಆ ದೋಷಗಳನ್ನು ಸರಿಪಡಿಸಿತು. ಒಬ್ಬರ ಸಂಶಯದಿಂದ ಲೋಕದ ಐಫೋನ್‌ಗಳಿಗೆಲ್ಲ ರಕ್ಷಣೆ ಸಿಕ್ಕಿತು. ಮನ್ಸೂರ್ ಅವರನ್ನು ಮಾತ್ರ 2017ರಲ್ಲಿ ಬಂಧಿಸಿ, ಮರುವರ್ಷ 10 ವರ್ಷಗಳ ಶಿಕ್ಷೆ ವಿಧಿಸಲಾಯಿತು.

ಆದರೆ ಎಚ್ಚರದ ಓದೂ ಸಾಲದ ದಾಳಿಗಳಿವೆ. 2019ರಲ್ಲಿ ವಾಟ್ಸಾಪ್ ಕರೆಯ ಮೂಲಕವೇ ಸುಮಾರು 1,400 ಜನರ ಮೇಲೆ ಪೆಗಾಸಸ್ ಪ್ರಯೋಗವಾಯಿತು; ಕರೆ ಸ್ವೀಕರಿಸಬೇಕೆಂದೂ ಇರಲಿಲ್ಲ. ಅವರಲ್ಲಿ ಭಾರತದ ಪತ್ರಕರ್ತರೂ ಹೋರಾಟಗಾರರೂ ಇದ್ದರು. ಅಂಥ ದಾಳಿಗೆ ಸಾಮಾನ್ಯರು ಮಾಡಬಹುದಾದದ್ದು ಅಪ್‌ಡೇಟನ್ನು 'ನಾಳೆ' ಎಂದು ಮುಂದೂಡದಿರುವುದು. ಹೆಚ್ಚಿನ ಅಪಾಯವಿರುವವರಿಗಾಗಿ ಐಫೋನಿನಲ್ಲಿ 2022ರಿಂದ ಲಾಕ್‌ಡೌನ್ ಮೋಡ್ ಇದೆ.

ನಮ್ಮಂಥವರ ಫೋನ್ ಯಾರಿಗೆ ಬೇಕು ಎನ್ನುತ್ತೀರಾ? ನಾಳೆ ನಿಮ್ಮಲ್ಲಿ ಯಾರೋ ವರದಿಗಾರರಾಗುತ್ತೀರಿ, ಯಾರೋ ಪಂಚಾಯಿತಿಗೆ ನಿಲ್ಲುತ್ತೀರಿ. ನಿಮ್ಮನ್ನು ನಂಬಿ ದೂರು ಹೇಳಿಕೊಂಡ ಬಡವನ ಹೆಸರು, ನಂಬರು ಆ ಫೋನಿನಲ್ಲೇ ಇರುತ್ತದೆ. ಅವನಿಗೆ ವಕೀಲರೂ ಇಲ್ಲ, ಸಿಟಿಜನ್ ಲ್ಯಾಬೂ ಇಲ್ಲ.

ಇದನ್ನು ಓದುತ್ತಿರುವಾಗಲೇ ಫೋನ್ ಕೈಗೆತ್ತಿಕೊಳ್ಳಿ. ವಾಟ್ಸಾಪ್‌ನ ಸೆಟ್ಟಿಂಗ್ಸ್, ಅದರೊಳಗೆ ಅಕೌಂಟ್, ಅಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್. ಆರು ಅಂಕಿಯ ಪಿನ್ ಕೇಳುತ್ತದೆ. ದಯವಿಟ್ಟು ಹುಟ್ಟಿದ ತಾರೀಖು ಹಾಕಬೇಡಿ.